ಗಿರಿಜೆ ನೋಡಿದ ಹುಲಿ

ನನ್ನ ಹತ್ತಿರ ಕಾರಿದೆ ಎಂದು ಹೇಳಿಕೊಳ್ಳುವುದಕ್ಕೆ ನನಗೆ ಯಾವಾಗಲೂ ಸಂಕೋಚ. ಹೇಳಿದ ಮರುಕ್ಷಣವೇ ಎದುರಿಗಿದ್ದವರು ‘ಹೌದಾ? ಎಲ್ಲೆಲ್ಲಿ ಸುತ್ತಾಡಿ ಬಂದ್ರಿ?’ ಎಂದು ಕೇಳಿಬಿಡುತ್ತಾರೆ. ಜನ ಕಾರು ಕೊಂಡ ಮೊದಲ ವಾರವೇ ಊಟಿ, ಮುನ್ನಾರ್ ಎಂದು ಹೊರಟು, ಬೆಟ್ಟದ ತಿರುವಿನಲ್ಲಿ ಬಾನೆಟ್ಟಿಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ಕಾರು ಈ ಬೇಸಿಗೆಯವರೆಗಿನ ಹನ್ನೊಂದು ವರ್ಷದಲ್ಲಿ, ಸರ್ವಿಸ್ಸಿಗೆ ಹೋದದ್ದು ಬಿಟ್ಟರೆ, ವಿಮಾನಪುರದ ನಮ್ಮ ಮನೆಯಿಂದ ಹಲಸೂರು ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಮನೆಗೆ ಓಡಾಡಿದೆ. ಒಮ್ಮೆ ಮಾತ್ರ ಕೆ.ಆರ್. ಪುರದ ಒಂದು ಗೃಹಪ್ರವೇಶಕ್ಕೆ ಹೊರಟಿತ್ತು. ನಾವು ತಲುಪುವ ಹೊತ್ತಿಗೆ ಅಡುಗೆಯವರು ಕಡಾಯಿ ತೊಳೆದು ವ್ಯಾನಿಗೆ ಏರಿಸುತ್ತಿದ್ದರು. ಟ್ರಾಫಿಕ್ಕು ಎಂದೆ; ಬೆಂಗಳೂರಿನಲ್ಲಿ ಆ ನೆಪವನ್ನು ಯಾರೂ ಅನುಮಾನಿಸುವುದಿಲ್ಲ. ನಿಜ ಹೇಳಬೇಕೆಂದರೆ ತಪ್ಪು ಟ್ರಾಫಿಕ್ಕಿನದೂ ಅಲ್ಲ, ಕಾರಿನದೂ ಅಲ್ಲ. ನಾನು ವಿಮಾನದ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರ್, ಅದೇ ತೊಂದರೆ.

ಇನ್ಸ್‌ಪೆಕ್ಟರ್ ಎಂದ ಕೂಡಲೇ ಲಾಠಿ ಕಲ್ಪಿಸಿಕೊಳ್ಳಬೇಡಿ. ನನ್ನ ಕೈಯಲ್ಲಿರುವುದು ಟಾರ್ಚು. ಬೇರೆಯವರು ಬಿಗಿ ಮಾಡಿದ ಬೋಲ್ಟನ್ನು ನಾನು ಬಗ್ಗಿ ನೋಡಬೇಕು, ನೋಡಿ ರುಜು ಹಾಕಬೇಕು. ಕಣ್ಣಾರೆ ನೋಡದ್ದಕ್ಕೆ ನಾನು ಇದುವರೆಗೆ ರುಜು ಹಾಕಿದವನಲ್ಲ. ವಿಮಾನಗಳನ್ನು ನಿಲ್ಲಿಸುವ ನಮ್ಮ ಹ್ಯಾಂಗರಿನಲ್ಲಿ ಇನ್ನೊಂದು ಪದ್ಧತಿಯೂ ಇದೆ. ಗೋಡೆಗೆ ದೊಡ್ಡದೊಂದು ಹಲಗೆ. ಅದರ ಮೇಲೆ ಪ್ರತಿಯೊಂದು ಸ್ಪ್ಯಾನರು, ಸುತ್ತಿಗೆ, ಇಕ್ಕಳದ ಆಕಾರವನ್ನು ಬಣ್ಣದಲ್ಲಿ ಬರೆದು ನಂಬರ್ ಕೊಟ್ಟಿರುತ್ತಾರೆ. ಕೆಲಸ ಮುಗಿದ ಮೇಲೆ ಎಲ್ಲ ಆಕಾರಗಳೂ ತುಂಬಿರಬೇಕು. ಒಂದು ಜಾಗ ಖಾಲಿ ಕಂಡರೆ ವಿಮಾನ ಕದಲುವಂತಿಲ್ಲ, ನಾವು ಮನೆಗೆ ಹೋಗುವಂತಿಲ್ಲ. ದೊಡ್ಡ ದೊಡ್ಡ ಇಂಜಿನಿಯರುಗಳು ಒಂದು ಸಣ್ಣ ಸ್ಕ್ರೂಡ್ರೈವರಿಗಾಗಿ ನೆಲದ ಮೇಲೆ ಅಂಬೆಗಾಲಿಡುವುದನ್ನು ನೋಡಿದ್ದೇನೆ. ಒಳ್ಳೆಯ ಪದ್ಧತಿಯೇ. ಹೊಟ್ಟೆಯೊಳಗೆ ಯಾರೋ ಮರೆತ ಸ್ಪ್ಯಾನರ್ ಇಟ್ಟುಕೊಂಡು ಯಾವ ವಿಮಾನವೂ ಹಾರಬಾರದು. ಆದರೆ ಈ ಅಭ್ಯಾಸ ಸಂಜೆ ಕಾರ್ಖಾನೆಯಲ್ಲೇ ಉಳಿಯುವುದಿಲ್ಲ, ನನ್ನ ಜೊತೆ ಮನೆಗೂ ಬರುತ್ತದೆ. ಒಮ್ಮೆ ಅಡುಗೆಮನೆಯ ಬಾಗಿಲ ಹಿಂದೆ ಸೌಟು, ಜಾಲರಿ, ಲಟ್ಟಣಿಗೆಯ ಆಕಾರ ಬರೆದಿದ್ದೆ. ನನ್ನ ಹೆಂಡತಿ ಗಿರಿಜೆ ಎರಡು ದಿನ ಸಹಿಸಿಕೊಂಡು, ಮೂರನೆಯ ದಿನ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದಳು.

ಗಿರಿಜೆ ಕಲಬುರಗಿಯವಳು. ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದ ಆ ಕಡೆಯವರೊಬ್ಬರು ಕುದುರಿಸಿದ ಸಂಬಂಧ. ಹೆಣ್ಣು ನೋಡಲು ಹೋದಾಗ ಅವಳಕ್ಕ ನೀಲಮ್ಮನವರು ನನ್ನ ಮುಂದೆ ಚಹಾ ಇಟ್ಟು, ‘ನಿಮ್ಮೂರಾಗ ನೋಡ್ಲಿಕ್ಕ ಏನೇನ ಅದ ರೀ?’ ಎಂದು ಕೇಳಿದರು. ವಿಧಾನಸೌಧ ಎನ್ನಬಹುದಿತ್ತು, ಲಾಲ್‌ಬಾಗ್ ಎನ್ನಬಹುದಿತ್ತು. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ‘ಹುಲಿ ಇದೆ’ ಎಂದು. ‘ಊರಾಗ ಹುಲಿ ಅದ ಏನ್ರಿ?’ ಎಂದು ನೀಲಮ್ಮಕ್ಕ ಹಿಂದಕ್ಕೆ ಸರಿದರು. ನಾನು ಬೆವರು ಒರೆಸಿಕೊಳ್ಳುತ್ತಾ, ಬನ್ನೇರುಘಟ್ಟ ಎಂದು ಇದೆ, ರಾಷ್ಟ್ರೀಯ ಉದ್ಯಾನ, ಊರ ಪಕ್ಕದಲ್ಲೇ, ಮದುವೆಯಾದ ಮೊದಲ ಭಾನುವಾರವೇ ಕರೆದುಕೊಂಡು ಹೋಗಿ ತೋರಿಸ್ತೀನಿ ಎಂದು ಮಾತು ಕೊಟ್ಟೆ. ಆ ಮೊದಲ ಭಾನುವಾರ ಬಂತು. ಸ್ಕೂಟರಿನ ಪಕ್ಕದ ತಗಡಿನ ಒಂದು ಸ್ಕ್ರೂ ಕಾಣಿಸಲಿಲ್ಲ. ಹುಡುಕುತ್ತಾ ಕೂತೆ. ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದು ಮೆಟ್ಟಿಲ ಮೇಲೆ ಕಾದಿದ್ದ ಹೊಸ ಹೆಂಡತಿ ಸಂಜೆ ಐದಕ್ಕೆ ಎದ್ದು ಒಳಗೆ ಹೋಗಿ ಅನ್ನಕ್ಕಿಟ್ಟಳು.

ಆವತ್ತೇ ಅಕ್ಕನಿಗೆ ಫೋನ್ ಮಾಡಲು ಹಲಸೂರಿನ ಎಸ್.ಟಿ.ಡಿ. ಬೂತಿಗೆ ಹೋದೆವು. ಗಾಜಿನ ಬಾಗಿಲ ಹೊರಗೆ ನಾನು ತಪ್ಪಿತಸ್ಥನಂತೆ ನಿಂತಿದ್ದೆ. ಒಳಗಿನಿಂದ ಗಿರಿಜೆಯ ದನಿ ಕೇಳಿಸಿತು: ‘ನೋಡಿದ್ವಿ ಅಕ್ಕಾ! ಭಾಳ ಛಂದ ಇತ್ತು. ನಮ್ಮ ಮುಂದೇ ಬಂದು ನಿಂತಿತ್ತು.’ ಗಂಡನ ಮರ್ಯಾದೆ ತವರಿನಲ್ಲಿ ಹೋಗಬಾರದೆಂದು ಹೇಳಿದ ಸುಳ್ಳು. ನನಗೆ ಆವತ್ತು ಕಣ್ಣಲ್ಲಿ ನೀರೇ ಬಂತು. ಆದರೆ ಸುಳ್ಳಿಗೆ ಒಮ್ಮೆ ಅನ್ನ ಹಾಕಿದರೆ ದಿನಾ ಹಾಕಬೇಕಲ್ಲ! ನೀಲಮ್ಮಕ್ಕ ಪ್ರತಿ ಫೋನಿನಲ್ಲೂ ಹುಲಿಯ ಯೋಗಕ್ಷೇಮ ವಿಚಾರಿಸತೊಡಗಿದರು. ‘ಹುಲಿ ಆರಾಮ ಅದ ಏನು?’ ಆರಾಮವಿತ್ತು. ಅದಕ್ಕೆ ರಾಜಾ ಎಂದು ಹೆಸರಾಯಿತು, ಮದುವೆಯಾಯಿತು, ಮರಿಗಳಾದವು. ಒಂದು ವರ್ಷ ಕಾಲಿಗೆ ಮುಳ್ಳು ಚುಚ್ಚಿ ಕುಂಟಿತು ಕೂಡ. ಇಪ್ಪತ್ನಾಲ್ಕು ವರ್ಷದಲ್ಲಿ ರಾಜಾ ತೀರಿಕೊಂಡು, ಈಗ ಅದರ ಮೊಮ್ಮಗ ಇದೆ ಎನ್ನುವಲ್ಲಿಗೆ ನಮ್ಮ ಸಂಸಾರ ಬಂದು ನಿಂತಿತ್ತು. ನಾವು ಮಾತ್ರ ಬನ್ನೇರುಘಟ್ಟದ ಬೋರ್ಡನ್ನೂ ನೋಡಿರಲಿಲ್ಲ.

ಈ ಬೇಸಿಗೆಯಲ್ಲಿ ನೀಲಮ್ಮಕ್ಕ ಬಂದರು. ಮೊಣಕಾಲು ನೋವಿಗೆ ಡಾಕ್ಟರಿಗೆ ತೋರಿಸಿಕೊಂಡು ಎಂಟು ದಿನ ನಮ್ಮಲ್ಲಿದ್ದು, ಇನ್ನು ಸೋಮವಾರ ಬೆಳಿಗ್ಗೆ ರೈಲು ಎನ್ನುವಾಗ ಶನಿವಾರ ಊಟಕ್ಕೆ ಕೂತು ಹೇಳಿದರು: ‘ಗಿರಿಜಾ, ನಾಳಿಗಿ ನಿನ್ನ ಹುಲಿ ತೋರ್ಸವ್ವಾ. ಊರಾಗ ಎಲ್ರಿಗೂ ಹೇಳಿ ಬಂದೀನಿ.’ ಗಿರಿಜೆ ಸಾರು ಬಡಿಸಿದ ತಟ್ಟೆಗೇ ಮತ್ತೊಮ್ಮೆ ಸಾರು ಬಡಿಸಿದಳು. ಆಮೇಲೆ ಅಡುಗೆಮನೆಯಲ್ಲಿ ನನ್ನನ್ನು ಮೂಲೆಗೆ ನಿಲ್ಲಿಸಿ, ‘ನೋಡಿ, ನಿಮ್ಗೆ ಕೈ ಮುಗೀತೀನಿ. ನಾಳೆ ಒಂದಿನ ಆ ಕಾರ್ಖಾನೆ ಮರ್ತುಬಿಡಿ. ಅಕ್ಕಂಗೆ ಹುಲಿ ಕಾಣ್ಲಿಲ್ಲ ಅಂದ್ರೆ, ನೀನು ಯಾವಾಗ ನೋಡಿದ್ದೆ, ಎಲ್ಲಿ ನೋಡಿದ್ದೆ ಅಂತ ಶುರುವಾಗತ್ತೆ. ಇಷ್ಟು ವರ್ಷ ಹೇಳಿದ್ದೆಲ್ಲ ಬಯಲಾಗತ್ತೆ. ಅವಳ ಮುಂದೆ ನಾನು ತಲೆ ಎತ್ತೋ ಹಾಗಿರಲ್ಲ ರೀ’ ಎಂದಳು. ಬೆಳಿಗ್ಗೆ ಹತ್ತರ ಸಫಾರಿಗೆ ಫೋನಿನಲ್ಲಿ ತಾನೇ ಟಿಕೆಟ್ ಮಾಡಿದಳು. ನಾನು ದೇವರ ಮೇಲೆ ಆಣೆ ಇಟ್ಟು ಒಪ್ಪಿಕೊಂಡೆ. ಆಣೆ ಇಡುವಾಗ ನನಗೆ ನನ್ನ ಮೇಲೆ ಪೂರ್ತಿ ನಂಬಿಕೆ ಇತ್ತು, ಇದನ್ನು ನೀವು ನಂಬಬೇಕು.

ಕಾರನ್ನು ಶುಕ್ರವಾರವಷ್ಟೇ ಶಿವಾಜಿನಗರದ ಕಲೀಂ ಭಾಯ್ ಹತ್ತಿರ ಸರ್ವಿಸ್ ಮಾಡಿಸಿದ್ದೆ. ಭಾನುವಾರ ಆರೂವರೆಗೆ ಎಲ್ಲರೂ ತಯಾರು. ಡಿಕ್ಕಿಯಲ್ಲಿ ಪ್ಲೈವುಡ್ ಹಲಗೆ ಇಟ್ಟು, ಅದರ ಮೇಲೆ ಜ್ಯಾಕು, ಸ್ಪ್ಯಾನರು, ಟಿಫನ್ ಕ್ಯಾರಿಯರು, ನೀರಿನ ಬಾಟಲಿ ಎಂದು ಹದಿನೇಳು ಸಾಮಾನಿನ ಆಕಾರ ಬರೆದದ್ದು ಆಣೆ ಇಡುವುದಕ್ಕೆ ಮುಂಚೆಯೇ ಆದದ್ದರಿಂದ ಅದು ಲೆಕ್ಕಕ್ಕಿಲ್ಲ. ಕೊನೆಗೊಮ್ಮೆ ಸುಮ್ಮನೆ ಬಾನೆಟ್ ಎತ್ತಿ ಟಾರ್ಚು ಬಿಟ್ಟೆ. ಅಯ್ಯೋ ದೇವರೇ! ಇಂಜಿನ್ನಿನ ಕೆಳಗಿನ ತಗಡಿನ ಮೇಲೆ ಜಿಡ್ಡು ಮೆತ್ತಿದ ಹತ್ತು ನಂಬರಿನ ಒಂದು ಸ್ಪ್ಯಾನರು ಮಲಗಿತ್ತು. ನೀವಾದರೆ ಎತ್ತಿ ಪಕ್ಕಕ್ಕಿಟ್ಟು ಹೊರಡುತ್ತಿದ್ದಿರಿ. ನನಗೆ ಕಂಡದ್ದೇ ಬೇರೆ: ಅಲ್ಲಿ ಶಿವಾಜಿನಗರದಲ್ಲಿ ಕಲೀಂ ಭಾಯ್‌ನ ಹಲಗೆಯಲ್ಲಿ ಒಂದು ಜಾಗ ಖಾಲಿ, ಎರಡು ದಿನದಿಂದ ಆ ಬಡಪಾಯಿ ಅನ್ನ ನೀರು ಬಿಟ್ಟು ಹುಡುಕುತ್ತಿದ್ದಾನೆ, ಅವನ ಗ್ಯಾರೇಜಿನಿಂದ ಒಂದು ಗಾಡಿಯೂ ಹೊರಗೆ ಹೋಗಿಲ್ಲ! ‘ಐದೇ ನಿಮಿಷ, ಕೊಟ್ಟು ಹೋಗೋಣ’ ಎಂದೆ. ‘ಫೋನ್ ಮಾಡಿ ಹೇಳಿದ್ರಾಗಲ್ವಾ?’ ಎಂದಳು ಗಿರಿಜೆ. ಟೂಲನ್ನು ಫೋನಿನಲ್ಲಿ ವಾಪಸ್ ಕೊಡುವುದು ಹೇಗೆ ಎಂದು ನಾನು ಕೇಳಿದ್ದಕ್ಕೆ ಅವಳು ಹಿಂದಿನ ಸೀಟಿನಲ್ಲಿ ಅಕ್ಕನ ಪಕ್ಕ ಕೂತು ಬಾಗಿಲು ದಢಾರನೆ ಹಾಕಿಕೊಂಡಳು.

ದಕ್ಷಿಣಕ್ಕೆ ಹೋಗಬೇಕಾದವರು ಹೀಗೆ ಪಶ್ಚಿಮಕ್ಕೆ ಹೊರಟೆವು. ಭಾನುವಾರ ಬೆಳಿಗ್ಗೆ ಶಿವಾಜಿನಗರದ ಮಾರ್ಕೆಟ್ ಬೀದಿಗೆ ಕಾರು ತರುವವರು ಎರಡೇ ಬಗೆ, ಗೊತ್ತಿಲ್ಲದವರು ಮತ್ತು ನಾನು. ಮುಂದೆ ಆಡಿನ ಹಿಂಡು, ಹಿಂದೆ ಆಟೋ, ಪಕ್ಕದಲ್ಲಿ ಮೀನಿನ ಬುಟ್ಟಿ. ಒಬ್ಬ ನಮ್ಮ ಬಾನೆಟ್ಟಿನ ಮೇಲೆ ಕೊತ್ತಂಬರಿ ಕಟ್ಟುಗಳನ್ನು ಜೋಡಿಸಿ ವ್ಯಾಪಾರ ಶುರು ಮಾಡಿಕೊಂಡ. ನಾವು ಕದಲುತ್ತೇವೆಂಬ ಭರವಸೆ ಅವನಿಗಿರಲಿಲ್ಲ. ನೀಲಮ್ಮಕ್ಕ ಕಿಟಕಿಯಿಂದ ಕೈ ಚಾಚಿ ಎರಡು ಕಟ್ಟು ಕೊಂಡು, ‘ಹುಲಿ ಇಲ್ಲೇ ಎಲ್ಲೋ ಅದ ಏನವ್ವಾ? ಆಡು ಭಾಳ ಕಾಣ್ತಾವ’ ಎಂದರು. ಕೊನೆಗೆ ಕಲೀಂ ಭಾಯ್ ಅಂಗಡಿ ಮುಟ್ಟಿದಾಗ ಒಂಬತ್ತು. ಆತ ಬನ್ ತಿನ್ನುತ್ತಾ ಆರಾಮವಾಗಿ ಕೂತಿದ್ದ. ನಾನು ಸ್ಪ್ಯಾನರನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದೆ. ಆತ ಜಿಡ್ಡು ಒರೆಸಿ, ತಿರುಗಿಸಿ ನೋಡಿ, ‘ಅರೇ ಸಾಬ್, ನನ್ ಹತ್ರ ಹತ್ತು ನಂಬರ್ ಒಂದು ಬಕೆಟ್ ಅಷ್ಟಿದೆ. ಹೋದ್ರೆ ಗೊತ್ತೂ ಆಗಲ್ಲ. ಆದ್ರೆ ಇದು ನಂದಲ್ಲ, ನಿಮ್ದೇ. ಹಿಡಿಗೆ ಕೆಂಪು ಪೇಂಟ್ ಹಚ್ಚಿ ನಂಬರ್ ಬರ್ದಿರೋರು ಇಡೀ ಶಿವಾಜಿನಗರದಲ್ಲಿ ಯಾರಿದಾರೆ?’ ಎಂದ. ಹೋದ ವರ್ಷ ನನ್ನ ಹತ್ತು ನಂಬರ್ ಕಳೆದುಹೋಗಿ, ಹನ್ನೆರಡು ದಿನ ಕಾರು ಮುಟ್ಟದೆ, ಪಕ್ಕದ ಮನೆಯ ಸೆಬಾಸ್ಟಿಯನ್ನರ ಮೇಲೆ ಅನುಮಾನಪಟ್ಟು ಮಾತು ಬಿಟ್ಟಿದ್ದೆ. ಪಾಪ, ಅವರು ಕ್ರಿಸ್‌ಮಸ್ಸಿಗೆ ಕೇಕು ಕಳಿಸಿದಾಗಲೂ ನಾನು ಡಬ್ಬಿಯೊಳಗೆ ಸ್ಪ್ಯಾನರ್ ಇದೆಯಾ ಎಂದು ನೋಡಿದ್ದೆ.

ಹತ್ತರ ಸಫಾರಿ ಬಸ್ಸು ನಮ್ಮನ್ನು ಬಿಟ್ಟೇ ಹೊರಟಿತು. ಹಿಂದಿನ ಸೀಟಿನಲ್ಲಿ ಅಕ್ಕ ತಂಗಿಯ ಮಾತು ನಡೆದಿತ್ತು. ‘ಗೇಟಿನ ಬಾಜೂನೇ ಇರ್ತದೇನು ಹುಲಿ?’ ‘ಸ್ವಲ್ಪ ಒಳಗ ಅಕ್ಕಾ.’ ‘ಎಷ್ಟು ಒಳಗ?’ ‘ಅದು... ಆವತ್ತು ಆವತ್ತಿನ ಮ್ಯಾಲ.’ ಕನ್ನಡಿಯಲ್ಲಿ ಗಿರಿಜೆಯ ಕಣ್ಣು ನನ್ನನ್ನೇ ಇರಿಯುತ್ತಿತ್ತು. ಡೇರಿ ಸರ್ಕಲ್ ದಾಟಿದ ಮೇಲೆ ಒಂದು ಮರದ ನೆರಳಿನಲ್ಲಿ ನಿಲ್ಲಿಸಿ ಟಿಫನ್ ಮುಗಿಸಿದೆವು. ಅದು ನನ್ನ ಎರಡನೆಯ ತಪ್ಪು, ಏಕೆಂದರೆ ಟಿಫನ್ ಮುಗಿದ ಮೇಲೆ ಸಾಮಾನು ಡಿಕ್ಕಿಗೆ ಹೋಗಬೇಕು, ಡಿಕ್ಕಿಗೆ ಹೋದರೆ ಹಲಗೆ ಕಾಣುತ್ತದೆ. ಹದಿನಾರು ಆಕಾರ ತುಂಬಿತ್ತು. ಒಂದು ಖಾಲಿ. ‘ಹದಿನಾಲ್ಕನೇ ನಂಬರ್ ಮಿಸ್ಸಿಂಗ್!’ ಎಂದು ನಾನು ಕೂಗಿದ ದನಿಗೆ ಮರದ ಮೇಲಿನ ಕಾಗೆ ಹಾರಿಹೋಯಿತು. ಕೀ ಕಿತ್ತು ಜೇಬಿಗೆ ಹಾಕಿಕೊಂಡೆ. ಗಿರಿಜೆ ಹಣೆ ಹಣೆ ಚಚ್ಚಿಕೊಂಡಳು. ನಾನು ಸೀಟು ಎತ್ತಿದೆ, ಮ್ಯಾಟ್ ಕೊಡವಿದೆ, ಕಾರಿನ ಕೆಳಗೆ ತೆವಳಿದೆ. ನೀಲಮ್ಮಕ್ಕ ಮರದ ಬುಡದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ನನ್ನನ್ನು ಕನಿಕರದಿಂದ ನೋಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಒಬ್ಬ ಟ್ರಾಫಿಕ್ ಪೊಲೀಸು ಬಂದ. ‘ಸಾರ್, ಇಲ್ಲಿ ನಿಲ್ಸಂಗಿಲ್ಲ, ತೆಗೀರಿ ಗಾಡಿ.’ ಕಾರಿನ ಕೆಳಗಿನಿಂದಲೇ ಹೇಳಿದೆ: ‘ತೆಗೆಯೋ ಹಾಗಿಲ್ಲ ಸಾರ್, ಹದಿನಾಲ್ಕನೇ ನಂಬರ್ ಸಿಕ್ಕಿಲ್ಲ.’ ನಾನು ಹೇಳಿದ ಗಂಭೀರತೆಗೆ ಆತ ಬೆದರಿದ. ಟೋಪಿ ತೆಗೆದು ಬಗ್ಗಿ ತಾನೂ ಹುಡುಕಿದ. ಹಿಂದಿನ ಟೈರಿನ ಹತ್ತಿರ ಒಂದು ಹಳೆಯ ಚಪ್ಪಲಿ ಸಿಕ್ಕಿತು; ‘ಇದಾ ಸಾರ್?’ ಎಂದ. ಅಲ್ಲ. ಮೋರಿಯಲ್ಲಿ ಕೋಲು ಆಡಿಸಿದ. ಮುಕ್ಕಾಲು ಗಂಟೆ ಹುಡುಕಿ ಬೆವರು ಸುರಿಸಿದ ಮೇಲೆ ಆತನಿಗೆ ಒಂದು ಪ್ರಶ್ನೆ ಹೊಳೆಯಿತು, ನಮ್ಮಲ್ಲಿ ಯಾರಿಗೂ ಹೊಳೆಯದಿದ್ದ ಪ್ರಶ್ನೆ. ‘ಅಲ್ಲಾ ಸಾರ್, ಹದಿನಾಲ್ಕನೇ ನಂಬರ್ ಅಂದ್ರೆ ಏನು?’ ‘ಅಡಕತ್ತರಿ’ ಎಂದೆ. ಆತ ಟೋಪಿ ಹಾಕಿಕೊಂಡು ನನ್ನನ್ನೇ ನೋಡುತ್ತಾ ನಿಂತ. ಮರದ ಬುಡದಿಂದ ನೀಲಮ್ಮಕ್ಕ, ‘ಯಪ್ಪಾ, ಅಡಕತ್ತರಿ ಬೇಕಿತ್ತೇನು? ಇಲ್ಲೇ ನನ್ನ ಕೈಯಾಗ ಅದಲ್ರಿ! ಮೊದ್ಲೇ ಹೇಳಬಾರದಾ? ನೀವು ಏನೋ ಬಂಗಾರದ್ದು ಕಳಕೊಂಡೀರಿ ಅಂತ ನಾ ಸುಮ್ನ ಕುಂತೆ’ ಎಂದು ಎತ್ತಿ ತೋರಿಸಿದರು. ಅವರದೇ ಅಡಕತ್ತರಿ, ಅವರೇ ಅಡಿಕೆ ಕತ್ತರಿಸಿಕೊಳ್ಳುತ್ತಿದ್ದರು. ಹಲಗೆಯ ಮೇಲೆ ಆಕಾರ ಬರೆಯುವಾಗ ನಾನು ಅದನ್ನೂ ಸುಮ್ಮನೆ ನನ್ನ ಪಟ್ಟಿಗೆ ಸೇರಿಸಿಕೊಂಡಿದ್ದೆ. ಪೊಲೀಸಿನವನು ದಂಡ ಹಾಕಲಿಲ್ಲ. ‘ಮನೇಲಿ ಯಾರಾದ್ರೂ ಗಾಡಿ ಓಡ್ಸೋರು ಇದಾರಾ ಅಮ್ಮಾ?’ ಎಂದು ಗಿರಿಜೆಯನ್ನು ಮೆತ್ತಗೆ ಕೇಳಿ ಹೋದ. ಅವಳಿಗೆ ಬರುವುದಿಲ್ಲವಲ್ಲ, ಅದೇ ನನ್ನ ಪುಣ್ಯ.

ಮುಂದೆ ಮೆಟ್ರೋ ಕೆಲಸ, ಅಗೆದ ರಸ್ತೆ, ಒಂದು ಮದುವೆ ದಿಬ್ಬಣ. ಬನ್ನೇರುಘಟ್ಟ ತಲುಪಿದಾಗ ಎರಡೂಮುಕ್ಕಾಲು. ಮತ್ತೆ ಸಾಲಿನಲ್ಲಿ ನಿಂತು ಮೂರೂವರೆಯ ಬಸ್ಸಿಗೆ ಟಿಕೆಟ್ ತೆಗೆದುಕೊಂಡೆ. ಅಷ್ಟರಲ್ಲಿ ‘ನಿನಗ ದಾರಿ ಗೊತ್ತದಲ್ಲ, ನಡಿ’ ಎಂದ ಅಕ್ಕನನ್ನು ಕರೆದುಕೊಂಡು ಗಿರಿಜೆ ಬಹಳ ಧೈರ್ಯವಾಗಿ ಹೊರಟು ನೇರವಾಗಿ ಶೌಚಾಲಯದ ಬಾಗಿಲಿಗೆ ಹೋಗಿ ನಿಂತಳು. ‘ಎಲ್ಲಾ ಬದಲಾಯಿಸಿಬಿಟ್ಟಾರಕ್ಕಾ’ ಎನ್ನುವಾಗ ಅವಳ ದನಿ ಅಳುವಿಗೆ ಹತ್ತಿರವಿತ್ತು. ಇವಳಿಗೆ ಇಷ್ಟು ವರ್ಷ ಎಷ್ಟು ಕಷ್ಟ ಕೊಟ್ಟೆನಲ್ಲ, ಇನ್ನು ತುಟಿಪಿಟಿಕ್ ಎನ್ನದೆ ಕೂರುತ್ತೇನೆ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಬಸ್ಸಿನ ಕಿಟಕಿಗೆಲ್ಲ ಜಾಲರಿ. ಸುಮಾರು ಇಪ್ಪತ್ತು ಜನ ಇದ್ದೆವು. ಜಿಂಕೆ ಕಂಡವು, ಕರಡಿ ಕಂಡವು, ಒಂದು ಸಿಂಹ ನಮ್ಮ ಕಡೆ ಬೆನ್ನು ಮಾಡಿ ಮಲಗಿತ್ತು. ಹುಲಿಯ ಆವರಣದ ಗೇಟು ದಾಟಿದ ಮೇಲೆ ಡ್ರೈವರು, ‘ಈ ಬಿಸ್ಲಲ್ಲಿ ಎಲ್ಲಾ ಪೊದೆ ಒಳಗೆ ಸೇರ್ಕೊಂಡಿವೆ. ಬೆಳಿಗ್ಗೆ ಹತ್ತರ ಟ್ರಿಪ್ಪಲ್ಲಿ ಬಂದಿದ್ರೆ ಐದು ಒಟ್ಟಿಗೆ ಕಾಣ್ತಿದ್ವು ನೋಡಿ’ ಎಂದ. ಗಿರಿಜೆ ನನ್ನ ಕಡೆ ತಿರುಗಲಿಲ್ಲ. ಅಕ್ಕ ಜಾಲರಿಗೆ ಹಣೆ ಒತ್ತಿ ‘ರಾಜಾನ ಮೊಮ್ಮಗ ಎಲ್ಲವ್ವಾ?’ ಎನ್ನುತ್ತಿದ್ದರು. ನಾನು ಸಹೋದ್ಯೋಗಿಯೊಬ್ಬರಿಂದ ಕೇಳಿ ತಂದಿದ್ದ ದುರ್ಬೀನನ್ನು ಕಣ್ಣಿಗೆ ಹಿಡಿದು ಪೊದೆ ಪೊದೆಯನ್ನೂ ಶೋಧಿಸಿದೆ. ಹುಲಿ ಕಾಣಲಿಲ್ಲ. ದುರ್ಬೀನಿನ ಎಡಗಣ್ಣಿನ ಮುಚ್ಚಳ ಕಾಣಲಿಲ್ಲ.

ಮೊದಲು ಕಾಲಲ್ಲೇ ತಡಕಾಡಿದೆ. ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ, ಹಾಳಾದ್ದು, ನನ್ನ ಗಂಟಲಿನಿಂದ ಹ್ಯಾಂಗರಿನ ದನಿ ಹೊರಟುಬಿಟ್ಟಿತು. ‘ಗಾಡಿ ನಿಲ್ಸಿ! ಯಾರೂ ಕಾಲು ಕದಲಿಸ್ಬೇಡಿ! ಎಲ್ರೂ ನಿಮ್ಮ ನಿಮ್ಮ ಸೀಟಿನ ಕೆಳಗೆ ನೋಡಿ!’ ಬಸ್ಸು ಗಕ್ಕನೆ ನಿಂತಿತು. ಆ ದನಿಗೆ ಏನು ಶಕ್ತಿ ಇದೆಯೋ, ಹಾವೇ ಬಂದಿದೆ ಎಂದುಕೊಂಡರೋ ಏನೋ, ಇಪ್ಪತ್ತೂ ಜನ ತಲೆ ಬಗ್ಗಿಸಿದರು. ಡ್ರೈವರು ಸ್ಟೀರಿಂಗಿನ ಕೆಳಗೆ ಹೊಕ್ಕ. ನೀಲಮ್ಮಕ್ಕ ಮೊಣಕಾಲು ನೋವಿದ್ದರೂ ಸೀಟು ಹಿಡಿದು ಬಗ್ಗಿದರು. ಬಸ್ಸಿನಲ್ಲಿ ಬಗ್ಗದೆ ಉಳಿದವಳು ಗಿರಿಜೆ ಒಬ್ಬಳೇ. ಇಪ್ಪತ್ನಾಲ್ಕು ವರ್ಷ ಆ ದನಿ ಕೇಳಿದವಳಲ್ಲವೆ, ಅವಳು ಮುಖ ಆ ಕಡೆ ತಿರುಗಿಸಿ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತಿದ್ದಳು.

ಮುಚ್ಚಳ ಎರಡು ಸೀಟಿನಾಚೆ ಒಂದು ಚಿಪ್ಸ್ ಪ್ಯಾಕೆಟ್ಟಿನ ಅಡಿಯಲ್ಲಿತ್ತು. ‘ಸಿಕ್ತು!’ ಎಂದು ಎತ್ತಿ ಹಿಡಿದು ಎದ್ದೆ. ಗಿರಿಜೆ ಕದಲದೆ ಕೂತಿದ್ದಳು, ಎರಡೂ ಕೈ ಜಾಲರಿಯ ಮೇಲಿದ್ದವು. ‘ಹುಲಿ’ ಎಂದಳು, ಬಹಳ ಮೆಲ್ಲಗೆ. ಎಲ್ಲರೂ ಆ ಕಡೆಗೆ ಮುಗಿಬಿದ್ದರು. ಪೊದೆ ಸ್ವಲ್ಪ ಅಲ್ಲಾಡುತ್ತಿತ್ತು, ಅಷ್ಟೇ. ನಿಂತ ಬಸ್ಸಿನ ಹತ್ತಿರ ತಾನಾಗಿ ಬಂದು, ಕಿಟಕಿಯ ಕೆಳಗೆ ನಿಂತು, ಅವಳ ಮುಖವನ್ನೇ ನೋಡಿ, ಆಕಳಿಸಿ, ಹೋಯಿತಂತೆ. ‘ಕೂಗಬಾರದೇನೇ?’ ಎಂದು ಅಕ್ಕ ರೇಗಿದರು. ‘ದನಿನೇ ಹೊಂಡ್ಲಿಲ್ಲ ಅಕ್ಕಾ. ನಮ್ಮ ಮುಂದೇ ಬಂದು ನಿಂತಿತ್ತು. ಭಾಳ ಛಂದ ಇತ್ತು’ ಎಂದಳು ಗಿರಿಜೆ. ಬಸ್ಸಿನಲ್ಲಿ ಯಾರೂ ನಂಬಲಿಲ್ಲ. ಒಬ್ಬರು ನನ್ನ ಮುಚ್ಚಳವನ್ನು ಕಿಟಕಿಯಿಂದ ಎಸೆಯಬೇಕೆಂದರು. ಇನ್ನೊಬ್ಬರು ನನ್ನನ್ನೇ ಎಸೆಯಬೇಕೆಂದರು. ಡ್ರೈವರು ಮತ್ತೆರಡು ಸುತ್ತು ಹೊಡೆದ. ಹುಲಿ ಹೊರಗೆ ಬರಲಿಲ್ಲ.

ನೀಲಮ್ಮಕ್ಕ ತಂಗಿಯನ್ನು ದಿಟ್ಟಿಸಿ ನೋಡಿದರು. ಶೌಚಾಲಯದ ಬಾಗಿಲಿನಿಂದಲೇ ಅವರಿಗೆ ಏನೋ ಅನುಮಾನ ಹೊಕ್ಕಿತ್ತೆಂದು ಕಾಣುತ್ತದೆ. ‘ಗಿರಿಜಾ, ನೀ ಖರೇ ನೋಡಿದಿ? ಇಲ್ಲಾ, ನಾ ಬಂದೀನಂತ ಏನರ ಹೇಳ್ತಿದ್ದಿ?’ ಗಿರಿಜೆಯ ಮುಖ ಸಣ್ಣದಾಯಿತು. ಇಷ್ಟು ವರ್ಷ ಇಲ್ಲದ ಹುಲಿಗೆ ನಾಮಕರಣ ಮಾಡಿ, ಮದುವೆ ಮಾಡಿ, ಬಾಣಂತನ ಮಾಡಿದಾಗ ನಂಬಿದ ಅಕ್ಕ, ಮೊದಲ ಸಲ ಇರುವ ಹುಲಿಯನ್ನು ಹೇಳಿದಾಗ ನಂಬುತ್ತಿಲ್ಲ. ಅಕ್ಕ ನನ್ನ ಕಡೆ ತಿರುಗಿದರು. ‘ನೀವು ಹೇಳ್ರಿ. ಕಣ್ಣಿಲೆ ನೋಡ್ಲಾರದ ಮಾತು ನೀವು ಆಡೂದಿಲ್ಲ, ನನಗ ಗೊತ್ತದ. ಅಕಿ ನೋಡಿದ್ದು ಹುಲಿ ಹೌದೋ ಅಲ್ಲೋ?’

ನನ್ನ ಮಂಡಿಯೆಲ್ಲ ಧೂಳು, ಕೈಯಲ್ಲಿ ಮುಚ್ಚಳ. ‘ಹೌದಕ್ಕಾ’ ಎಂದೆ. ‘ನಾನೂ ನೋಡ್ದೆ.’ ‘ನೀವು ತೆಳಗ ಬಗ್ಗಿದ್ರಲ್ಲ?’ ‘ಏಳ್ತಾ ಇರೋವಾಗ ಕಾಣಿಸ್ತು.’ ‘ಎಷ್ಟ ದೊಡ್ಡದಿತ್ತು?’ ನಾನು ಒಂದು ಕ್ಷಣ ಯೋಚಿಸಿ, ‘ಮೂಗಿನ ತುದಿಯಿಂದ ಬಾಲದ ತುದಿಗೆ ಎರಡು ಸಾವಿರದ ಏಳುನೂರ ಐವತ್ತು ಮಿಲಿಮೀಟರ್. ಹತ್ತು ಮಿಲಿಮೀಟರ್ ಆಚೆ ಈಚೆ ಇರಬಹುದು. ಬಲಗಿವಿ ಹತ್ರ ಒಂದು ಸಣ್ಣ ಗೀರು ಇತ್ತು’ ಎಂದೆ. ನೀಲಮ್ಮಕ್ಕ ದೀರ್ಘವಾಗಿ ಉಸಿರು ಬಿಟ್ಟರು. ‘ಹಂಗಿದ್ರ ಖರೇನ ಬಿಡ್ರಿ. ಊರಿಗಿ ಹೋಗಿ ನಾನೂ ನೋಡೀನಿ ಅಂತನ ಹೇಳ್ತೀನಿ’ ಎಂದು ಸಮಾಧಾನವಾಗಿ ಎಲೆಗೆ ಸುಣ್ಣ ಸವರಿದರು.

ಬಸ್ಸಿಳಿದು ಅಕ್ಕ ಮುಂದೆ ಮುಂದೆ ನಡೆಯುತ್ತಿದ್ದಾಗ ಗಿರಿಜೆ ನನ್ನ ಪಕ್ಕಕ್ಕೆ ಬಂದಳು. ಏನಾದರೂ ಒಳ್ಳೆಯ ಮಾತು ಹೇಳುತ್ತಾಳೆ ಎಂದು ಕಾದೆ. ಸೆರಗಿನಿಂದ ನನ್ನ ಅಂಗಿಯ ಧೂಳು ಕೊಡವುತ್ತಾ ಹೇಳಿದಳು: ‘ಇಷ್ಟು ಚೆನ್ನಾಗಿ ಸುಳ್ಳು ಹೇಳೋಕೆ ಬರ್ತಿತ್ತು ಅಂದ್ರೆ, ಇಪ್ಪತ್ನಾಲ್ಕು ವರ್ಷ ನಾನೊಬ್ಳೇ ಯಾಕ್ರೀ ಒದ್ದಾಡಿದೆ?’